ಚಕ್ರವರ್ತಿ ಕತ್ತಿ ಹಿರಿಯದ ಯುದ್ಧಕಥೆ: ಟ್ರಾಜನ್ ಸ್ತಂಭವನ್ನು ಓದುವ ಬಗೆ

ರೋಮ್ ನಗರದ ನಡುವೆ, ಟ್ರಾಜನ್ ಚಕ್ರವರ್ತಿಯ ಫೋರಂ ಎಂದು ಕರೆಯಲಾಗುವ ಪ್ರಾಚೀನ ಸಾರ್ವಜನಿಕ ಅಂಗಳದ ಅವಶೇಷಗಳ ತುದಿಯಲ್ಲಿ, ಕ್ರಿ.ಶ. 113ರಲ್ಲಿ ಸಮರ್ಪಿತವಾದ ಬಿಳಿಯ ಅಮೃತಶಿಲೆಯ ಸ್ತಂಭವೊಂದು ಈಗಲೂ ನೆಟ್ಟಗೆ ನಿಂತಿದೆ. ಅದರ ಪೀಠದ ಬಾಗಿಲ ಮೇಲೆ ಇಬ್ಬರು ವಿಜಯದೇವತೆಯರು ಹಿಡಿದಿರುವ ಫಲಕದಲ್ಲಿ 6 ಸಾಲುಗಳ ಲ್ಯಾಟಿನ್ ಶಾಸನವಿದೆ. ರೋಮಿನ ಸೆನೆಟ್ ಮತ್ತು ಜನತೆ ಇದನ್ನು ಚಕ್ರವರ್ತಿಗೆ ಅರ್ಪಿಸಿದ್ದಾರೆ ಎಂದು ಹೇಳಿ, ಅವನ ಬಿರುದುಗಳನ್ನೆಲ್ಲ ಸಾಲಾಗಿ ಎಣಿಸಿದ ಮೇಲೆ, ಆ ಶಾಸನ ಸ್ತಂಭವನ್ನು ನಿಲ್ಲಿಸಿದ ಉದ್ದೇಶವನ್ನು ತಿಳಿಸುತ್ತದೆ: ಇಂಥ ಮಹತ್ತರ ಕಟ್ಟಡಗಳಿಗಾಗಿ ಎಷ್ಟು ಎತ್ತರದ ಗುಡ್ಡವನ್ನು ಅಗೆದು ತೆಗೆಯಲಾಯಿತು ಎಂಬುದನ್ನು ತೋರಿಸುವುದು. ಬಿರುದಾವಳಿಯ ನಡುವೆ ‘ಡೇಸಿಯಾವನ್ನು ಗೆದ್ದವನು’ ಎಂಬರ್ಥದ ಒಂದೇ ಒಂದು ಪದವನ್ನು ಬಿಟ್ಟರೆ ಡೇಸಿಯಾ ಯುದ್ಧದ ಮಾತೇ ಅಲ್ಲಿಲ್ಲ. ತಲೆಯೆತ್ತಿ ನೋಡಿದರೆ ಮಾತ್ರ ಸ್ತಂಭದ ಮೈತುಂಬ ಯುದ್ಧವೇ ಸುತ್ತಿಕೊಂಡಿದೆ.

ಸಾಮ್ರಾಜ್ಯದ ಪ್ರಚಾರಕಲೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ದೊಡ್ಡ ದನಿಯ ಹೊಗಳಿಕೆ, ಉಬ್ಬಿಸಿದ ಸುಳ್ಳು. ಟ್ರಾಜನ್ ಸ್ತಂಭದ ಹೆಚ್ಚುಗಾರಿಕೆ ಇರುವುದು ಬೇರೆ ಕಡೆ. ಅದು ಹೇಳುವುದರಲ್ಲಿ ಬಹುಪಾಲು ನಡೆದಿರಬಹುದಾದದ್ದೇ. ಸೇನೆ ನದಿ ದಾಟಿದ್ದು, ಕೋಟೆ ಕಟ್ಟಿದ್ದು, ಶತ್ರು ಶರಣಾದದ್ದು ಯಾವುದೂ ಕಟ್ಟುಕಥೆಯಲ್ಲ. ಯಾವುದನ್ನು ತೋರಿಸಬೇಕು, ಎಷ್ಟು ಸಲ ತೋರಿಸಬೇಕು, ಯಾವುದನ್ನು ಸದ್ದಿಲ್ಲದೆ ಬಿಟ್ಟುಬಿಡಬೇಕು ಎಂಬ ಆಯ್ಕೆಯಲ್ಲಿಯೇ ಅದರ ರಾಜಕೀಯ ಅಡಗಿದೆ. ಆ ಆಯ್ಕೆಯನ್ನು ಹಿಡಿಯಬೇಕಾದರೆ ಕಲ್ಲು ಹೇಳದ ಕಥೆಯಿಂದಲೇ ಆರಂಭಿಸಬೇಕಾಗುತ್ತದೆ.

ಡೇಸಿಯಾ ಎಂದರೆ ಡ್ಯಾನ್ಯೂಬ್ ನದಿಯ ಉತ್ತರಕ್ಕೆ, ಇಂದಿನ ರುಮೇನಿಯಾದ ಬಹುಭಾಗವನ್ನು ಒಳಗೊಂಡಿದ್ದ, ಚಿನ್ನ ಬೆಳ್ಳಿಯ ಗಣಿಗಳಿದ್ದ ರಾಜ್ಯ. ಟ್ರಾಜನ್ನನಿಗಿಂತ ಮೊದಲು ಆಳಿದ ಡೊಮಿಷಿಯನ್ನನ ಕಾಲದಲ್ಲಿ ಕಾರ್ನೀಲಿಯಸ್ ಫಸ್ಕಸ್ ಎಂಬ ಸೇನಾನಿ ಡೇಸಿಯಾದೊಳಗೆ ನುಗ್ಗಿ, ಸೇನೆಯೊಂದಿಗೆ ಸೋತು ಸತ್ತಿದ್ದ. ಕ್ರಿ.ಶ. 89ರಲ್ಲಿ ಆದ ಒಪ್ಪಂದದ ಪ್ರಕಾರ ಡೇಸಿಯಾದ ಅರಸ ಡೆಸೆಬಾಲಸ್‌ಗೆ ರೋಮ್ ಹಣವನ್ನೂ ಕುಶಲಕರ್ಮಿಗಳನ್ನೂ ಕೊಡಬೇಕಾಯಿತು. ಸಾಮ್ರಾಜ್ಯವೇ ನೆರೆಯ ಅರಸನಿಗೆ ಕಾಣಿಕೆ ಕಟ್ಟಿದಂತೆ ಕಾಣುವ ಈ ಒಪ್ಪಂದವನ್ನು ರೋಮಿನ ಮೇಲ್ವರ್ಗ ಅವಮಾನವೆಂದೇ ಎಣಿಸಿತ್ತು. ಟ್ರಾಜನ್ 101–102ರಲ್ಲಿ ಒಂದು ಬಾರಿ, 105–106ರಲ್ಲಿ ಇನ್ನೊಂದು ಬಾರಿ ದಂಡೆತ್ತಿ ಹೋಗಿ ಆ ರಾಜ್ಯವನ್ನು ಸಾಮ್ರಾಜ್ಯದ ಪ್ರಾಂತ್ಯವನ್ನಾಗಿ ಮಾಡಿದ. ಡೆಸೆಬಾಲಸ್ ಸರ್ಗೇಷಿಯಾ ನದಿಯ ಹರಿವನ್ನು ತಿರುಗಿಸಿ, ಪಾತ್ರದ ಕೆಳಗೆ ಭಂಡಾರವನ್ನು ಹೂತು, ಮತ್ತೆ ನೀರು ಹರಿಸಿದ್ದನೆಂದೂ ಸೆರೆಸಿಕ್ಕ ಅವನ ಆಪ್ತನೊಬ್ಬ ಆ ಗುಟ್ಟನ್ನು ಬಿಟ್ಟುಕೊಟ್ಟನೆಂದೂ ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರೆದಿದ್ದಾನೆ. ಟ್ರಾಜನ್ನನ ಫೋರಮ್ಮಿನ ಮಾಡಿನ ಅಂಚಿನಲ್ಲಿದ್ದ ಪ್ರತಿಮೆಗಳ ಕೆಳಗೆ ‘ಯುದ್ಧದ ಕೊಳ್ಳೆಯಿಂದ’ ಎಂದು ಬರೆದಿತ್ತು. ಹಣ ಎಲ್ಲಿಂದ ಬಂತೆಂಬುದನ್ನು ಮುಚ್ಚಿಡುವ ಸಂಕೋಚ ಯಾರಿಗೂ ಇರಲಿಲ್ಲ.

ಫೋರಮ್ಮಿನ ಶಿಲ್ಪಿ ಡಮಾಸ್ಕಸ್ಸಿನ ಅಪೊಲೊಡೋರಸ್. ಸ್ತಂಭದ ರಚನೆಯನ್ನೂ ಸಾಮಾನ್ಯವಾಗಿ ಅವನಿಗೇ ಸಲ್ಲಿಸುತ್ತಾರೆ. ಇಟಲಿಯ ಲೂನಾ, ಅಂದರೆ ಇಂದಿನ ಕರಾರಾ ಗಣಿಯ ಭಾರಿ ಅಮೃತಶಿಲೆಯ ದಿಂಡುಗಳನ್ನು ಒಂದರ ಮೇಲೊಂದು ಪೇರಿಸಿ ನಿಲ್ಲಿಸಿದ ಕಂಬದ ಎತ್ತರ ಸುಮಾರು 30 ಮೀಟರ್, ರೋಮನ್ನರ ಅಳತೆಯಲ್ಲಿ ಸರಿಯಾಗಿ 100 ಅಡಿ. ಪೀಠವನ್ನೂ ಸೇರಿಸಿದರೆ ಸುಮಾರು 35 ಮೀಟರ್ ಆಗುತ್ತದೆ. ಈ ದಿಂಡುಗಳ ಒಳಗನ್ನು ಕೊರೆದು 185 ಮೆಟ್ಟಿಲುಗಳ ಸುರುಳಿ ಏಣಿಯನ್ನು ಮಾಡಿದ್ದಾರೆ. ಹೊರಮೈಯಲ್ಲಿ ಶಿಲ್ಪಪಟ್ಟಿಕೆಯೊಂದು ಕೆಳಗಿನಿಂದ ಮೇಲಕ್ಕೆ 23 ಸುತ್ತು ಸುತ್ತಿದೆ. ಅದನ್ನು ಬಿಚ್ಚಿ ನೆಲದ ಮೇಲೆ ಹಾಸಿದರೆ ಸುಮಾರು 200 ಮೀಟರ್ ಉದ್ದವಾದೀತು. ವಿದ್ವಾಂಸರು ತಮ್ಮ ಅನುಕೂಲಕ್ಕಾಗಿ ಅದನ್ನು 155 ದೃಶ್ಯಗಳಾಗಿ ವಿಂಗಡಿಸಿಕೊಂಡಿದ್ದಾರೆ. ಮನುಷ್ಯಾಕೃತಿಗಳೇ 2,600ರ ಆಸುಪಾಸಿನಲ್ಲಿವೆ. ಅವುಗಳ ನಡುವೆ ಸುಮಾರು 60 ಬಾರಿ ಮತ್ತೆ ಮತ್ತೆ ಕಾಣಿಸಿಕೊಳ್ಳುವವನು ಒಬ್ಬನೇ, ಟ್ರಾಜನ್.

ಈ ಮರಳಿ ಬರುವಿಕೆಯೇ ಇಲ್ಲಿನ ಕಥನತಂತ್ರದ ಬೆನ್ನೆಲುಬು. ಒಂದು ದೃಶ್ಯಕ್ಕೂ ಇನ್ನೊಂದಕ್ಕೂ ನಡುವೆ ಚೌಕಟ್ಟಿಲ್ಲ, ಗೆರೆಯಿಲ್ಲ. ಒಂದು ಮರ ಬಂತೆಂದರೆ, ಕೋಟೆಯ ಗೋಡೆಯೊಂದು ಅಡ್ಡ ತಿರುಗಿತೆಂದರೆ, ಸೈನಿಕನೊಬ್ಬ ಬೆನ್ನು ಹಾಕಿ ನಿಂತನೆಂದರೆ ಅಲ್ಲಿ ಸ್ಥಳವೂ ಕಾಲವೂ ಬದಲಾಯಿತೆಂದು ನೋಡುವವರು ತಿಳಿದುಕೊಳ್ಳಬೇಕು. ಒಂದೇ ನೆಲ, ಒಂದೇ ಬಾನು ಎಡೆಬಿಡದೆ ಸಾಗುತ್ತಿರುವಾಗ ಅದೇ ಮುಖ, ಅದೇ ಹಣೆಗೂದಲು ಹತ್ತು ಹೆಜ್ಜೆಗೊಮ್ಮೆ ಎದುರಾಗುವುದರಿಂದ ಕಥೆ ಮುಂದಕ್ಕೆ ಹೋಗಿದೆ ಎಂಬುದು ಗೊತ್ತಾಗುತ್ತದೆ. ಕೋಟೆಗಳು ಸೈನಿಕರ ಎದೆಮಟ್ಟಕ್ಕಷ್ಟೇ ಬರುತ್ತವೆ, ದೋಣಿಗಳು ಆಟಿಕೆಗಳಂತಿವೆ, ಬೆಟ್ಟಗಳು ಕಲ್ಲುಗುಪ್ಪೆಗಳಂತಿವೆ. ಇದು ಶಿಲ್ಪಿಗಳ ಕೈಲಾಗದ್ದರಿಂದ ಆದದ್ದಲ್ಲ. ಮನುಷ್ಯರನ್ನು ದೊಡ್ಡದಾಗಿಯೂ ಪರಿಸರವನ್ನು ಚಿಕ್ಕದಾಗಿಯೂ ಬಿಡಿಸಿದರೆ ಮಾತ್ರ ಒಂದು ಮೀಟರಿನಷ್ಟು ಅಗಲದ ಪಟ್ಟಿಯಲ್ಲಿ ನದಿ, ಸೇತುವೆ, ನಗರ, ಸೇನೆ ಎಲ್ಲವೂ ಹಿಡಿದಾವು. ಗೋಡೆಯ ಹೊರಗನ್ನು ಎದುರಿನಿಂದ, ಒಳಗನ್ನು ಮೇಲಿನಿಂದ ಒಟ್ಟಿಗೇ ತೋರಿಸುವ ಸ್ವಾತಂತ್ರ್ಯವನ್ನೂ ಅವರು ಇದಕ್ಕಾಗಿಯೇ ತೆಗೆದುಕೊಂಡಿದ್ದಾರೆ.

ಕಥೆ ಆರಂಭವಾಗುವುದು ಯಾವ ಆರ್ಭಟವೂ ಇಲ್ಲದೆ. ಡ್ಯಾನ್ಯೂಬ್ ದಂಡೆಯ ಕಾವಲುಗೋಪುರಗಳು, ಹುಲ್ಲಿನ ಬಣವೆಗಳು, ಒಟ್ಟಿದ ಸೌದೆಯ ರಾಶಿಗಳು, ದೋಣಿಗಳಿಂದ ಪೀಪಾಯಿಗಳನ್ನು ಇಳಿಸುತ್ತಿರುವ ಆಳುಗಳು. ಆಮೇಲೆ ನೀರಿನೊಳಗಿನಿಂದ ಗಡ್ಡಧಾರಿಯಾದ ಬೃಹದ್ದೇಹಿಯೊಬ್ಬ ಸೊಂಟದವರೆಗೆ ಎದ್ದು ನಿಲ್ಲುತ್ತಾನೆ. ಅವನು ಡ್ಯಾನ್ಯೂಬ್ ನದಿಯ ದೇವತೆ. ದೋಣಿಗಳನ್ನು ಜೋಡಿಸಿ ಮಾಡಿದ ಸೇತುವೆಯ ಮೇಲೆ ರೋಮನ್ ಸೇನೆ ತನ್ನ ಬೆನ್ನ ಹಿಂದಿನಿಂದ ಹಾದುಹೋಗುವುದನ್ನು ಅವನು ನೋಡುತ್ತಾನೆ, ತಡೆಯುವುದಿಲ್ಲ. ನದಿಯೇ ಒಪ್ಪಿದ ಮೇಲೆ ಗಡಿ ದಾಟಿದವರನ್ನು ಆಕ್ರಮಣಕಾರರೆಂದು ಕರೆಯುವುದು ಹೇಗೆ? ಈ ಒಂದು ಆಕೃತಿಯ ಮೂಲಕ ಯುದ್ಧದ ನ್ಯಾಯಾನ್ಯಾಯದ ಪ್ರಶ್ನೆಯನ್ನು ಸ್ತಂಭ ಮುಗಿಸಿಬಿಡುತ್ತದೆ. ಮುಂದಿನ ಕಾಳಗವೊಂದರಲ್ಲಿ ಬಾನಿನಿಂದ ಜ್ಯೂಪಿಟರ್ ಡೇಸಿಯನ್ನರತ್ತ ಸಿಡಿಲೆಸೆಯಲು ಕೈಯೆತ್ತಿರುವುದನ್ನೂ ಕಾಣುತ್ತೇವೆ. ಇಂಥ ದೈವಗಳು ಇಲ್ಲಿ ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಮನುಷ್ಯರ ದುಡಿಮೆ.

ದುಡಿಮೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. 155 ದೃಶ್ಯಗಳಲ್ಲಿ ನೇರ ಕಾಳಗಕ್ಕೆ ಸಿಕ್ಕಿರುವುದು ಸಣ್ಣ ಪಾಲು. ಸೈನಿಕರು ಮರ ಕಡಿಯುತ್ತಾರೆ, ಬುಟ್ಟಿಯಲ್ಲಿ ಮಣ್ಣು ಹೊರುತ್ತಾರೆ, ಹುಲ್ಲುಹೆಂಟೆಗಳನ್ನು ಬೆನ್ನಿಗೆ ಕಟ್ಟಿಕೊಂಡು ಕೋಟೆಗೋಡೆ ಏರಿಸುತ್ತಾರೆ, ದಾರಿ ಸವರುತ್ತಾರೆ. ಚಕ್ರವರ್ತಿ ಪಕ್ಕದಲ್ಲಿ ನಿಂತು ನೋಡುತ್ತಾನೆ, ಸಲಹೆ ಕೇಳುತ್ತಾನೆ, ಎತ್ತರದ ಕಟ್ಟೆಯೇರಿ ಸೇನೆಯನ್ನುದ್ದೇಶಿಸಿ ಮಾತನಾಡುತ್ತಾನೆ, ದೂತರನ್ನು ಬರಮಾಡಿಕೊಳ್ಳುತ್ತಾನೆ, ಸೆರಗನ್ನು ತಲೆಯ ಮೇಲೆ ಹೊದ್ದು ಬಲಿ ಅರ್ಪಿಸುತ್ತಾನೆ. ಹಂದಿ, ಟಗರು, ಹೋರಿ ಈ ಮೂರನ್ನು ಶಿಬಿರದ ಸುತ್ತ ಮೆರವಣಿಗೆ ಮಾಡಿ ಬಲಿ ಕೊಡುವ ರೋಮನ್ ವಿಧಿ ಒಂದಕ್ಕಿಂತ ಹೆಚ್ಚು ಬಾರಿ ಬರುತ್ತದೆ. ಎರಡನೆಯ ಯುದ್ಧದ ಹೊತ್ತಿಗೆ ಅಪೊಲೊಡೋರಸ್ ಡ್ಯಾನ್ಯೂಬಿಗೆ ಅಡ್ಡಲಾಗಿ ಕಟ್ಟಿದ, ಕಲ್ಲಿನ ಕಂಬಗಳ ಮೇಲೆ ಮರದ ಕಮಾನುಗಳಿದ್ದ, 1 ಕಿಲೋಮೀಟರಿಗಿಂತ ಉದ್ದವಾದ ಸೇತುವೆಯೂ ಇಂಥ ಒಂದು ಬಲಿದೃಶ್ಯದ ಹಿನ್ನೆಲೆಯಲ್ಲಿ ನಿಂತಿದೆ. ತನ್ನ ಕೈಕೆಲಸವನ್ನು ತಾನೇ ಕಲ್ಲಿನಲ್ಲಿ ಮೆರೆಸುವ ಅವಕಾಶವನ್ನು ಆ ಶಿಲ್ಪಿ ಬಿಡಲಿಲ್ಲ ಎಂದುಕೊಂಡರೆ ತಪ್ಪೇನೂ ಇಲ್ಲ.

ಇಷ್ಟೆಲ್ಲ ದೃಶ್ಯಗಳಲ್ಲಿ ಟ್ರಾಜನ್ ಒಮ್ಮೆಯೂ ಶತ್ರುವಿನ ಮೇಲೆ ಕತ್ತಿ ಬೀಸುವುದಿಲ್ಲ. ಅವನ ಆಕೃತಿ ಉಳಿದವರಿಗಿಂತ ತುಸು ಮಾತ್ರ ಎತ್ತರ, ಉಡುಪು ಪಯಣದ ಮೇಲಂಗಿ ಅಥವಾ ಸೇನಾನಿಯ ಕವಚ, ಮುಖದಲ್ಲಿ ಕೋಪವಾಗಲಿ ಉತ್ಸಾಹವಾಗಲಿ ಇಲ್ಲ. ಇದು ಆ ಕಾಲದ ಶಿಲ್ಪಿಗಳಿಗೆ ಬೇರೆ ದಾರಿಯೇ ಗೊತ್ತಿಲ್ಲದೆ ಆದದ್ದಲ್ಲ. ಅದೇ ಯುದ್ಧವನ್ನು ಕುರಿತು, ಸುಮಾರು 3 ಮೀಟರ್ ಎತ್ತರದ ಫಲಕಗಳಲ್ಲಿ ಕೆತ್ತಿದ ಇನ್ನೊಂದು ಶಿಲ್ಪಪಟ್ಟಿಕೆ ಉಳಿದುಬಂದಿದೆ. ಅದರಲ್ಲಿ ಅದೇ ಟ್ರಾಜನ್ ಶಿರಸ್ತ್ರಾಣವಿಲ್ಲದೆ, ಮೇಲಂಗಿಯನ್ನು ಗಾಳಿಗೆ ಹಾರಿಸುತ್ತ, ಕುದುರೆಯ ಮೇಲೆ ಡೇಸಿಯನ್ನರನ್ನು ತುಳಿಯುತ್ತ ನುಗ್ಗುತ್ತಾನೆ. ಹಳೆಯ ಗ್ರೀಕ್ ವೀರಚಿತ್ರಗಳ ಶೈಲಿಯ ಆ ಅಬ್ಬರವನ್ನು ಸ್ತಂಭ ತಿಳಿದೇ ಬಿಟ್ಟುಕೊಟ್ಟಿದೆ. ಸೆನೆಟ್ಟಿನೊಂದಿಗೆ ಜಗಳವಾಡಿ ಕೊಲೆಯಾದ ಡೊಮಿಷಿಯನ್ನನ ನೆನಪು ಇನ್ನೂ ಹಸಿಯಾಗಿದ್ದಾಗ, ರೋಮಿನ ಗಣ್ಯರಿಗೆ ಬೇಕಾಗಿದ್ದದ್ದು ಲೆಕ್ಕಾಚಾರವಿರುವ, ದೈವಕ್ಕೆ ತಲೆಬಾಗುವ, ಯೋಧರೊಂದಿಗೆ ಬಿಸಿಲು ಮಳೆಯಲ್ಲಿ ನಿಲ್ಲುವ ಆಡಳಿತಗಾರ. ಸ್ತಂಭ ಅವರಿಗೆ ಅಂಥವನನ್ನೇ ಒದಗಿಸಿತು.

ಯೋಧರನ್ನೂ ಅದು ತನಗೆ ಬೇಕಾದಂತೆ ಎರಡು ಬಗೆಯಾಗಿ ವಿಂಗಡಿಸುತ್ತದೆ. ರೋಮನ್ ಪೌರರಾದ ಲೀಜನ್ ಸೈನಿಕರಿಗೆ ಲೋಹದ ಪಟ್ಟಿಗಳನ್ನು ಜೋಡಿಸಿದ ಕವಚ, ಆಯತಾಕಾರದ ಗುರಾಣಿ. ಪ್ರಾಂತ್ಯಗಳಿಂದ ಬಂದ ಸಹಾಯಕ ಪಡೆಯವರಿಗೆ ಸಣ್ಣ ತೋಳಿನ ಅಂಗಿ, ಮೊಟ್ಟೆಯಾಕಾರದ ಗುರಾಣಿ. ಕಟ್ಟುವ ಕೆಲಸ ಬಹುಮಟ್ಟಿಗೆ ಮೊದಲನೆಯವರದು, ಕೈಕೈ ಕಾಳಗ ಬಹುಮಟ್ಟಿಗೆ ಎರಡನೆಯವರದು. ಸತ್ತ ಶತ್ರುವಿನ ರುಂಡವನ್ನು ಕೂದಲು ಹಿಡಿದು ಹಲ್ಲಿನಲ್ಲಿ ಕಚ್ಚಿಕೊಂಡು ಕಾದಾಡುವ ಯೋಧನೂ ಸಹಾಯಕ ಪಡೆಯವನೇ. ನಾಗರಿಕತೆಯ ಕೈ ಗಾರೆ ಹಿಡಿಯುತ್ತದೆ, ರಕ್ತದ ಕೆಲಸವನ್ನು ಅಂಚಿನವರು ಮಾಡುತ್ತಾರೆ ಎಂಬ ಸೂಚನೆ ಇಲ್ಲಿದೆ. ವಸ್ತುಸ್ಥಿತಿ ಇಷ್ಟು ಅಚ್ಚುಕಟ್ಟಾಗಿರಲಿಲ್ಲ ಎನ್ನಲು ಸಾಕ್ಷಿ ಯುದ್ಧ ನಡೆದ ದಿಕ್ಕಿನಲ್ಲಿಯೇ ಇದೆ. ಇಂದಿನ ರುಮೇನಿಯಾದ ಅಡಾಮ್‌ಕ್ಲಿಸಿಯಲ್ಲಿ ಕ್ರಿ.ಶ. 109ರಲ್ಲಿ ಸಮರ ದೇವತೆ ಮಾರ್ಸ್‌ಗೆ ಅರ್ಪಿಸಿದ ವಿಜಯಸ್ಮಾರಕವಿತ್ತು. ಅದರ ಬಿಡಿ ಫಲಕಗಳ ಕೆತ್ತನೆ ಒರಟು, ಅಂಗಾಂಗಗಳ ಅಳತೆ ಅಡ್ಡಾದಿಡ್ಡಿ. ಅಲ್ಲಿ ಲೀಜನ್ ಸೈನಿಕರು ಬಳೆಕವಚ, ಮೀನಿನ ಪೊರೆಯಂಥ ಕವಚ ತೊಟ್ಟು, ಡೇಸಿಯನ್ನರ ಬಾಗುಕತ್ತಿಯ ಏಟಿಗೆ ಹೆದರಿ ಬಲತೋಳಿಗೆ ಲೋಹದ ಪಟ್ಟಿಗಳ ಹೊದಿಕೆ ಕಟ್ಟಿಕೊಂಡು, ತಾವೇ ಕೊಲ್ಲುತ್ತಿದ್ದಾರೆ. ಅಂದವನ್ನು ನೋಡಿದರೆ ರೋಮಿನ ಸ್ತಂಭಕ್ಕೆ ಇದು ಎಲ್ಲಿಯೂ ಸಾಟಿಯಲ್ಲ. ಯುದ್ಧವನ್ನು ಕಣ್ಣಾರೆ ಕಂಡವರ ನೆನಪು ಮಾತ್ರ ಇದರಲ್ಲಿಯೇ ಹೆಚ್ಚು ಉಳಿದಿದೆ ಎಂದು ನನಗನ್ನಿಸುತ್ತದೆ.

ರೋಮನ್ನರ ಹೆಣಗಳು ಸ್ತಂಭದ ಮೇಲೆ ಇಲ್ಲವೆಂದೇ ಹೇಳಬೇಕು. ಒಂದು ದೃಶ್ಯದಲ್ಲಿ ಗಾಯಾಳುವಿನ ತೊಡೆಗೆ ಒಬ್ಬ ಪಟ್ಟಿ ಕಟ್ಟುತ್ತಿದ್ದಾನೆ, ಇನ್ನೊಬ್ಬ ಗಾಯಾಳುವನ್ನು ಜೊತೆಗಾರ ಆನಿಸಿಕೊಂಡಿದ್ದಾನೆ. ರೋಮಿನ ನಷ್ಟಕ್ಕೆ ಮೀಸಲಾದ ಜಾಗ ಹೆಚ್ಚುಕಡಿಮೆ ಅಷ್ಟೇ. ಡೇಸಿಯಾದ ಹೆಂಗಸರು ಬೆತ್ತಲೆ ಬಂದಿಗಳನ್ನು ಪಂಜಿನಿಂದ ಸುಡುವ ದೃಶ್ಯವೂ ಉಂಟು. ಆ ಬಂದಿಗಳು ಯಾರೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲವಾದರೂ, ಶತ್ರುವಿನ ಮನೆಯ ಹೆಂಗಸರೂ ಕ್ರೂರರೆಂಬ ಅದರ ಮಾತು ಯಾರಿಗೂ ಅಸ್ಪಷ್ಟವಾಗಿರಲಾರದು.

ಹೀಗಿದ್ದರೂ ಡೇಸಿಯನ್ನರನ್ನು ಈ ಕೆತ್ತನೆ ಎಲ್ಲಿಯೂ ನಗೆಪಾಟಲು ಮಾಡುವುದಿಲ್ಲ. ಗೆಲುವಿಗೆ ಬೆಲೆ ಬರಬೇಕಾದರೆ ಸೋತವನಿಗೂ ತೂಕವಿರಬೇಕು ಎಂಬ ಲೆಕ್ಕ ಇದರ ಹಿಂದಿದೆ. ಮೊದಲ ಯುದ್ಧದ ಕೊನೆಯಲ್ಲಿ ಡೇಸಿಯನ್ನರು ಗುಂಪುಗುಂಪಾಗಿ ಮಂಡಿಯೂರಿ ಕೈಚಾಚುವಾಗ, ಡೆಸೆಬಾಲಸ್ ಹಿಂದೆ ನಿಂತೇ ಇರುತ್ತಾನೆ. ಎರಡನೆಯ ಯುದ್ಧದ ಕೊನೆಗೆ, ರಾಜಧಾನಿ ಸರ್ಮಿಜೆಗೆಟೂಸಾ ಬೀಳುವ ಹೊತ್ತಿನಲ್ಲಿ, ಡೇಸಿಯಾದ ಪ್ರಮುಖರು ಒಂದು ದೊಡ್ಡ ಪಾತ್ರೆಯ ಸುತ್ತ ನೆರೆದು ಅದರೊಳಗಿನದನ್ನು ಹಂಚಿಕೊಂಡು ಕುಡಿಯುತ್ತಾರೆ. ಅದು ವಿಷವೆಂದು ಕೆಲವರು, ಮುತ್ತಿಗೆಯ ಕಾಲದ ಕಟ್ಟಕಡೆಯ ನೀರೆಂದು ಕೆಲವರು. ಪಕ್ಕದಲ್ಲಿ ಕುಸಿದುಬಿದ್ದ ತರುಣರ ಮೇಲೆ ಹಿರಿಯರು ಬಾಗಿರುವ ರೀತಿಯನ್ನು ನೋಡಿದರೆ, ಕೆತ್ತಿದವನ ಕೈಗೆ ಗೆದ್ದವರ ಮೇಲಿದ್ದ ನಿಷ್ಠೆಯಷ್ಟೇ ಸೋತವರ ಮೇಲೂ ಕರುಣೆ ಇತ್ತೆನ್ನಿಸುತ್ತದೆ.

ಡೆಸೆಬಾಲಸ್‌ನ ಸಾವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಒಂದು ಮರದ ಬುಡದಲ್ಲಿ ಅವನು ಮಂಡಿ ಕುಸಿದು ಒರಗಿದ್ದಾನೆ. ಬಲಗೈಯಲ್ಲಿ ಬಾಗಿದ ಕಿರುಗತ್ತಿ ತನ್ನದೇ ಕೊರಳಿನತ್ತ ಏರುತ್ತಿದೆ. ರೋಮನ್ ಸವಾರರು ಸುತ್ತಲಿಂದಲೂ ಮುತ್ತಿದ್ದಾರೆ. ಎಲ್ಲರಿಗಿಂತ ಮುಂದಿರುವವನು ಕುದುರೆಯ ಮೇಲಿಂದ ಬಾಗಿ ಕೈಚಾಚಿದ್ದಾನೆ. ಕೈ ಮುಟ್ಟುವ ಮೊದಲೇ ಎಲ್ಲ ಮುಗಿದುಹೋಗಲಿದೆ. ಆ ಸವಾರ ಯಾರೆಂದು ಸ್ತಂಭ ಹೇಳುವುದಿಲ್ಲ, ಇಲ್ಲಿ ಹೆಸರಿರುವುದು ಚಕ್ರವರ್ತಿಯೊಬ್ಬನಿಗೇ. ಆದರೆ 1965ರಲ್ಲಿ ಉತ್ತರ ಗ್ರೀಸಿನ ಫಿಲಿಪ್ಪಿ ಬಳಿ ಟೈಬೀರಿಯಸ್ ಕ್ಲಾಡಿಯಸ್ ಮ್ಯಾಕ್ಸಿಮಸ್ ಎಂಬ ನಿವೃತ್ತ ಸವಾರನ ಸಮಾಧಿಶಿಲೆ ಸಿಕ್ಕಿತು. ಡೆಸೆಬಾಲಸ್‌ನನ್ನು ಹಿಡಿದವನು ತಾನೇ, ಅವನ ತಲೆಯನ್ನು ರಾನಿಸ್ಟೋರಮ್‌ನಲ್ಲಿದ್ದ ಚಕ್ರವರ್ತಿಯ ಬಳಿಗೆ ಒಯ್ದವನೂ ತಾನೇ ಎಂದು ಅದರಲ್ಲಿ ಬರೆಸಿಕೊಂಡಿದ್ದಾನೆ. ಮೇಲೆ ಕುದುರೆಯೇರಿ ಧಾವಿಸುವ ಅವನ ಚಿತ್ರ, ಎದುರಿಗೆ ಕತ್ತಿ ಕೈಜಾರುತ್ತಿರುವ ಡೆಸೆಬಾಲಸ್. ಸಾಮ್ರಾಜ್ಯದ ಕಥೆಯೊಳಗೆ ತನ್ನ ಪಾಲೆಷ್ಟು ಎಂಬುದನ್ನು ಒಬ್ಬ ಸಾಮಾನ್ಯ ಸೈನಿಕ ಅದೇ ದೃಶ್ಯಭಾಷೆಯಲ್ಲಿ ಕೆತ್ತಿಸಿಕೊಂಡದ್ದು ಆ ಭಾಷೆ ಎಷ್ಟು ದೂರ ಹರಡಿತ್ತು ಎಂಬುದಕ್ಕೆ ಗುರುತು.

ಕಥೆ ಮುಗಿಯುವ ರೀತಿಯಂತೂ ಇನ್ನೂ ವಿಚಿತ್ರ. ಸ್ತಂಭದ ತುದಿಯಲ್ಲಿ ವಿಜಯೋತ್ಸವದ ರಥವಿಲ್ಲ, ರೋಮಿಗೆ ಮರಳಿದ ಮೆರವಣಿಗೆಯಿಲ್ಲ. ಮೂಟೆ ಹೊತ್ತ ಗಂಡಸರು, ಹೆಂಗಸರು, ಮಕ್ಕಳು ನೆಲ ಬಿಟ್ಟು ನಡೆಯುತ್ತಿದ್ದಾರೆ. ಪಟ್ಟಿ ಕಿರಿದಾಗುತ್ತ ಹೋಗಿ, ಕೊನೆಗೆ ಉಳಿಯುವುದು ದನ, ಕುರಿ, ಮೇಕೆಗಳು ಮಾತ್ರ.

ಇಷ್ಟನ್ನು ನಾನು ಬರೆಯಲು ಸಾಧ್ಯವಾದದ್ದು ಛಾಯಾಚಿತ್ರಗಳಿಂದ ಮತ್ತು ಪ್ಲಾಸ್ಟರ್ ಅಚ್ಚುಗಳಿಂದ. 1860ರ ದಶಕದಲ್ಲಿ ಫ್ರಾನ್ಸಿನ ಮೂರನೆಯ ನೆಪೋಲಿಯನ್ ಇಡೀ ಪಟ್ಟಿಕೆಯ ಅಚ್ಚು ತೆಗೆಸಿದ. ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ ಎರಡು ತುಂಡಾಗಿ ನಿಲ್ಲಿಸಿದ ಪೂರ್ಣಪ್ರತಿಯಿದೆ, ಬುಕಾರೆಸ್ಟಿನಲ್ಲಿ ಕಣ್ಣಳತೆಯಲ್ಲಿ ಜೋಡಿಸಿದ ಅಚ್ಚುಗಳಿವೆ. ಪ್ರಾಚೀನ ರೋಮಿನ ನಿವಾಸಿಗೆ ಈ ಅನುಕೂಲ ಯಾವುದೂ ಇರಲಿಲ್ಲ. ಕಥೆಯನ್ನು ಕ್ರಮವಾಗಿ ಹಿಂಬಾಲಿಸಬೇಕಾದರೆ ಕತ್ತೆತ್ತಿಕೊಂಡು ಸ್ತಂಭಕ್ಕೆ 23 ಸುತ್ತು ಬರಬೇಕು. ಪಟ್ಟಿ ಎಡದಿಂದ ಬಲಕ್ಕೆ ಏರುವುದರಿಂದ, ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಅದು ಅಪ್ರದಕ್ಷಿಣೆ. ನಾಲ್ಕೈದು ಸುತ್ತುಗಳ ಮೇಲಿನ ವಿವರಗಳು ಬರಿಗಣ್ಣಿಗೆ ಕಲಸಿಹೋಗುತ್ತವೆ. ಸ್ತಂಭ ನಿಂತಿದ್ದದ್ದು ಒಂದು ಕಡೆ ಬೃಹತ್ತಾದ ಉಲ್ಪಿಯಾ ಸಭಾಭವನ, ಎರಡು ಬದಿಗೆ ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಾಲಯಗಳಿದ್ದ ಇಕ್ಕಟ್ಟಾದ ಅಂಗಳದಲ್ಲಿ. ಆ ಕಟ್ಟಡಗಳ ಮೇಲಂತಸ್ತಿನಿಂದ ನಡುವಿನ ಸುತ್ತುಗಳು ಕಂಡಿರಬಹುದು. ಬಣ್ಣ ಬಳಿದಿದ್ದರೆ, ಸೈನಿಕರ ಬರಿಗೈಗಳಿಗೆ ಲೋಹದ ಆಯುಧಗಳನ್ನು ಸಿಕ್ಕಿಸಿದ್ದರೆ ಇನ್ನಷ್ಟು ಸ್ಪಷ್ಟವಾಗಿದ್ದಿರಬಹುದು. ಎಷ್ಟು ರಿಯಾಯಿತಿ ಕೊಟ್ಟರೂ ತುದಿಯ ದನಕುರಿಗಳನ್ನು ಕೆತ್ತಿದವರ ನಂತರ ಸರಿಯಾಗಿ ನೋಡಿದವರು ಬಹಳ ಜನ ಇರಲಾರರು.

ಬರಹದ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. ಕ್ಯಾಸಿಯಸ್ ಡಿಯೊ ಸ್ತಂಭವನ್ನು ಟ್ರಾಜನ್ನನ ಸ್ಮಾರಕವೆಂದೂ ಗುಡ್ಡ ಕಡಿದ ಕೆಲಸದ ಗುರುತೆಂದೂ ವಿವರಿಸುತ್ತಾನೆ, ಕೆತ್ತನೆಯ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಕ್ರಿ.ಶ. 357ರಲ್ಲಿ ರೋಮಿಗೆ ಬಂದ ಎರಡನೆಯ ಕಾನ್‌ಸ್ಟಾಂಟಿಯಸ್ ಚಕ್ರವರ್ತಿ ಟ್ರಾಜನ್ನನ ಫೋರಂ ನೋಡಿ ಬೆರಗಾಗಿ, ಇಂಥದ್ದನ್ನು ತಾನು ಕಟ್ಟಿಸಲಾರೆ, ನಡುವಿರುವ ಟ್ರಾಜನ್ನನ ಕುದುರೆಯಂಥದ್ದನ್ನಾದರೂ ಮಾಡಿಸುತ್ತೇನೆ ಎಂದನಂತೆ. ಜೊತೆಗಿದ್ದ ಪರ್ಷಿಯದ ರಾಜಕುಮಾರ ಹೊರ್ಮಿಸ್ದಾಸ್, ಹಾಗಾದರೆ ಮೊದಲು ಇಂಥದ್ದೊಂದು ಲಾಯ ಕಟ್ಟಿಸಿ ಎಂದು ಉತ್ತರಿಸಿದನೆಂದು ಇತಿಹಾಸಕಾರ ಅಮಿಯಾನಸ್ ದಾಖಲಿಸಿದ್ದಾನೆ. ಅವರಿಬ್ಬರ ಕಣ್ಣು ಹೋದದ್ದು ಕುದುರೆಯ ಕಡೆಗೆ, 2,600 ಆಕೃತಿಗಳ ಕಡೆಗಲ್ಲ.

ಹಾಗಾದರೆ ಓದಲಾಗದ ಕಥೆಯನ್ನು ಕೆತ್ತಿಸಿದ್ದೇಕೆ? ಒಂದು ಉತ್ತರವೆಂದರೆ ಅದು ಪೂರ್ತಿ ಓದಲೆಂದು ಮಾಡಿದ್ದೇ ಅಲ್ಲ. ಬುಡದಲ್ಲಿ ಕಣ್ಣಿಗೆ ನೇರ ಸಿಗುವ ಪೀಠದ ತುಂಬ ಡೇಸಿಯನ್ನರಿಂದ ಕಸಿದ ಗುರಾಣಿ, ಕವಚ, ಶಿರಸ್ತ್ರಾಣ, ಸರ್ಪಮುಖದ ಧ್ವಜಗಳ ರಾಶಿಯಿದೆ. ಯುದ್ಧದ ಫಲಿತಾಂಶ ತಿಳಿಯಲು ಯಾರಿಗೂ ಇಷ್ಟೇ ಸಾಕು. ಸ್ವಲ್ಪ ಹೊತ್ತು ನಿಂತು ಮೇಲೆ ನೋಡುವವರಿಗೆ ಒಂದೇ ಬದಿಯಲ್ಲಿ, ಹೆಚ್ಚುಕಡಿಮೆ ಒಂದರ ಮೇಲೊಂದರಂತೆ, ಡ್ಯಾನ್ಯೂಬ್ ದೇವತೆ, ಎರಡು ಯುದ್ಧಗಳ ನಡುವೆ ಗುರಾಣಿಯ ಮೇಲೆ ಬರೆಯುತ್ತಿರುವ ವಿಜಯದೇವತೆ, ಡೆಸೆಬಾಲಸ್‌ನ ಸಾವು ಕಾಣುವಂತೆ ಜೋಡಣೆಯಾಗಿದೆ. ಸುತ್ತು ಬರದೆಯೂ ಆರಂಭ, ನಡು, ಕೊನೆ ಮೂರೂ ಸಿಗುತ್ತವೆ. ಉಳಿದ ನೂರಾರು ವಿವರಗಳು, ಕಾಣದಿದ್ದರೂ ಅಲ್ಲಿವೆ ಎಂಬ ಕಾರಣಕ್ಕೇ ಕೆಲಸ ಮಾಡುತ್ತವೆ. ಎರಡು ಗ್ರಂಥಾಲಯಗಳ ನಡುವೆ ಬಿಚ್ಚಿದ ಸುರುಳಿಗ್ರಂಥದಂತೆ ನಿಂತ ಈ ದಾಖಲೆಯನ್ನು ಯಾರೂ ಓದಿ ಮುಗಿಸಲಾರರು ಎಂಬುದೇ ಅದರ ಅಧಿಕಾರ. ದಪ್ಪ ಕಡತವನ್ನು ಮೇಜಿನ ಮೇಲಿಟ್ಟ ಅಧಿಕಾರಿಯ ಮುಂದೆ ಅರ್ಜಿದಾರ ದನಿ ತಗ್ಗಿಸುವುದು ಕಡತವನ್ನು ಓದಿ ಅಲ್ಲವಲ್ಲ.

ಪ್ರೊಪಗಾಂಡ ಎಂಬ ಪದವನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ಆ ಪದ 1622ರಲ್ಲಿ ಕ್ಯಾಥೊಲಿಕ್ ಚರ್ಚು ಧರ್ಮಪ್ರಸಾರಕ್ಕೆಂದು ಸ್ಥಾಪಿಸಿದ ಮಂಡಳಿಯ ಹೆಸರಿನಿಂದ ಬಂದದ್ದು. ರೋಮಿನಲ್ಲಿ ಪ್ರಚಾರ ಖಾತೆಯೇನೂ ಇರಲಿಲ್ಲ, ಇಂಥ ಸ್ಮಾರಕಗಳನ್ನು ಹೆಚ್ಚಾಗಿ ಸೆನೆಟ್ ಚಕ್ರವರ್ತಿಗೆ ಗೌರವವಾಗಿ ನೀಡುತ್ತಿತ್ತು. ಹೊಗಳಿಕೆ ಹೊಗಳಿಸಿಕೊಂಡವನ ಬಾಯಿಂದ ಬರದೆ ಬೇರೆಯವರ ಬಾಯಿಂದ ಬಂದಂತೆ ಕಾಣಬೇಕು ಎಂಬ ಈ ಏರ್ಪಾಡನ್ನು ಬಳಕೆಗೆ ತಂದವನು ಮೊದಲ ಚಕ್ರವರ್ತಿ ಅಗಸ್ಟಸ್. ಅವನು ಸ್ಪೇನ್ ಮತ್ತು ಗಾಲ್ ಪ್ರಾಂತ್ಯಗಳಿಂದ ಮರಳಿದಾಗ ಸೆನೆಟ್ ಮಂಜೂರು ಮಾಡಿದ ‘ಶಾಂತಿಯ ಬಲಿಪೀಠ’ ಕ್ರಿ.ಪೂ. 9ರಲ್ಲಿ ಸಮರ್ಪಿತವಾಯಿತು. ಅದರಲ್ಲಿ ಕಾಳಗದ ಒಂದು ದೃಶ್ಯವೂ ಇಲ್ಲ. ಮೆರವಣಿಗೆಯಲ್ಲಿ ನಡೆಯುವ ರಾಜಕುಟುಂಬ, ದೊಡ್ಡವರ ಬಟ್ಟೆಯಂಚು ಹಿಡಿದ ಮಕ್ಕಳು, ಮಡಿಲಲ್ಲಿ ಕೂಸುಗಳನ್ನು ಇಟ್ಟುಕೊಂಡ ಸಮೃದ್ಧಿಯ ದೇವತೆ, ಗೋಡೆಯ ಕೆಳಗರ್ಧದ ತುಂಬ ಬಳ್ಳಿಗಳು. ಮೇಲ್ವರ್ಗದವರು ಮದುವೆಯಾಗಿ ಮಕ್ಕಳನ್ನು ಹೆರಬೇಕೆಂದು ಅವನೇ ಕಾನೂನು ತಂದಿದ್ದ ಕಾಲದಲ್ಲಿ ಆ ಕಲ್ಲಿನ ಮಕ್ಕಳು ಸುಮ್ಮನೆ ಬಂದು ಸೇರಿಕೊಂಡವರಲ್ಲ. 1863ರಲ್ಲಿ ಪ್ರೀಮಾ ಪೋರ್ತಾದಲ್ಲಿ ಸಿಕ್ಕ ಅವನ ಪ್ರತಿಮೆಯ ಎದೆಗವಚದ ಮೇಲೆ ರೋಮಿನ ಪೂರ್ವದ ಎದುರಾಳಿ ರಾಜ್ಯವಾದ ಪಾರ್ಥಿಯಾದವನೊಬ್ಬ ರೋಮಿನ ಸೇನಾಲಾಂಛನವನ್ನು ಹಿಂತಿರುಗಿಸುತ್ತಿದ್ದಾನೆ. ಕ್ರಿ.ಪೂ. 20ರಲ್ಲಿ ಮಾತುಕತೆಯಿಂದ ಮರಳಿ ಪಡೆದ ಲಾಂಛನ ಅದು. ಕವಚದ ಮೇಲೆ ಬಂದೊಡನೆ ರಾಜತಂತ್ರ ರಣವಿಜಯದ ಉಡುಪು ತೊಟ್ಟಿತು.

ಈ ಚಿತ್ರಭಾಷೆಯ ಚಿಲ್ಲರೆ ರೂಪ ನಮ್ಮ ಊರುಗಳಿಗೂ ಬಂದಿತ್ತು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯಗಳು ದೊರೆತಿವೆ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣುವ ಅಗಸ್ಟಸ್‌ನ ಬೆಳ್ಳಿ ನಾಣ್ಯದ ಹಿಂಬದಿಯಲ್ಲಿ ಗುರಾಣಿ, ಈಟಿಗಳೊಂದಿಗೆ ನಿಂತ ಇಬ್ಬರು ತರುಣರಿದ್ದಾರೆ. ಅವರು ಗೇಯಸ್ ಮತ್ತು ಲೂಸಿಯಸ್, ಅಗಸ್ಟಸ್ ದತ್ತು ಪಡೆದು ಉತ್ತರಾಧಿಕಾರಿಗಳೆಂದು ಬಿಂಬಿಸಿದ ಮೊಮ್ಮಕ್ಕಳು. ಲೂಸಿಯಸ್ ಕ್ರಿ.ಶ. 2ರಲ್ಲಿ, ಗೇಯಸ್ 4ರಲ್ಲಿ ತೀರಿಕೊಂಡರು. ಬೆಳ್ಳಿಯ ತೂಕ ನೋಡಿ ನಾಣ್ಯ ತೆಗೆದುಕೊಳ್ಳುತ್ತಿದ್ದ ಇಲ್ಲಿನ ವರ್ತಕರಿಗೆ ಅದರ ಮೇಲಿದ್ದ ಭಾವಿ ಚಕ್ರವರ್ತಿಗಳು ಯಾರಾದರೇನು? ಟ್ರಾಜನ್ ಡೇಸಿಯಾದಿಂದ ಮರಳಿದಾಗ ಅವನನ್ನು ಕಾಣಲು ಬಂದ ದೂತರಲ್ಲಿ ಭಾರತೀಯರೂ ಇದ್ದರೆಂದು ಡಿಯೊ ಬರೆಯುತ್ತಾನೆ. ಆಗ 123 ದಿನಗಳ ಕ್ರೀಡೋತ್ಸವ ನಡೆದು ಸುಮಾರು 11,000 ಪ್ರಾಣಿಗಳು ಹತವಾದವು, 10,000 ಗ್ಲಾಡಿಯೇಟರ್‌ಗಳು ಸೆಣಸಿದರು ಎಂಬ ಲೆಕ್ಕವೂ ಅವನದೇ.

ಟ್ರಾಜನ್ 117ರಲ್ಲಿ ತೀರಿಕೊಂಡಾಗ ಅವನ ಚಿತಾಭಸ್ಮವನ್ನು ಚಿನ್ನದ ಕರಂಡಕದಲ್ಲಿಟ್ಟು ಸ್ತಂಭದ ಪೀಠದೊಳಗೆ ಸೇರಿಸಿದರು. ಮುಂದಿನ ಚಕ್ರವರ್ತಿಗಳು ಅವನ ಮಾದರಿಯನ್ನು ಹಿಡಿದರು, ಆದರೆ ದನಿ ಬದಲಾಯಿತು. ಕ್ರಿ.ಶ. 180ರಲ್ಲಿ ತೀರಿಕೊಂಡ ಮಾರ್ಕಸ್ ಆರೀಲಿಯಸ್‌ನ ಸ್ತಂಭದಲ್ಲಿ ಸುತ್ತುಗಳು ಕಡಿಮೆ, ಆಕೃತಿಗಳು ದೊಡ್ಡವು, ಕೆತ್ತನೆ ಆಳ. ಕೆಳಗಿನಿಂದ ಕಾಣುವುದಿಲ್ಲ ಎಂಬ ದೂರು ಶಿಲ್ಪಿಗಳ ಕಿವಿಗೂ ಬಿದ್ದಿತ್ತೇನೋ. ಅಲ್ಲಿ ಸಾಲಾಗಿ ನಿಲ್ಲಿಸಿ ಬಂದಿಗಳ ತಲೆ ಕಡಿಯುತ್ತಾರೆ, ಹೆಂಗಸರನ್ನು ಕೂದಲು ಹಿಡಿದು ಎಳೆಯುತ್ತಾರೆ, ರೆಕ್ಕೆಗಳಿಂದ ನೀರಿಳಿಯುವ ಗಡ್ಡದ ಮಳೆದೇವತೆಯೊಬ್ಬ ಸೇನೆಯನ್ನು ಉಳಿಸುತ್ತಾನೆ. ಗಾರೆ ಕೆಲಸಕ್ಕೆ ಅಲ್ಲಿ ಅಷ್ಟು ಪುರಸೊತ್ತಿಲ್ಲ. 203ರ ಸೆಪ್ಟಿಮಿಯಸ್ ಸೆವೆರಸ್‌ನ ಕಮಾನಿನಲ್ಲಿ ಅವನ ಇಬ್ಬರು ಮಕ್ಕಳ ಹೆಸರೂ ಇತ್ತು. ಹಿರಿಯ ಕಾರಕಲ್ಲ ಕಿರಿಯ ಗೇಟನನ್ನು ಕೊಲ್ಲಿಸಿದ ಮೇಲೆ ಆ ಹೆಸರನ್ನು ಕಿತ್ತು, ಅದರ ಜಾಗಕ್ಕೆ ‘ಅತ್ಯುತ್ತಮರೂ ಪರಾಕ್ರಮಿಗಳೂ ಆದ ಅರಸರಿಗೆ’ ಎಂದು ತುಂಬಿಸಿದರು. ಹಳೆಯ ಲೋಹದ ಅಕ್ಷರಗಳನ್ನು ಕೂರಿಸಿದ್ದ ಗುಳಿಗಳು ಹೊಸ ಸಾಲಿನ ನಡುವೆ ಇನ್ನೂ ಕಾಣುತ್ತವೆ.

ಕೊನೆಗೆ ಟ್ರಾಜನ್ನನ ಸರದಿಯೂ ಬಂತು. ಕ್ರಿ.ಶ. 312ರಲ್ಲಿ ಕಾನ್‌ಸ್ಟಂಟೈನ್ ಮತ್ತೊಬ್ಬ ರೋಮನ್ ಚಕ್ರವರ್ತಿ ಮ್ಯಾಕ್ಸೆಂಟಿಯಸ್‌ನನ್ನು ಸೋಲಿಸಿದ. ಅದರ ನೆನಪಿಗೆಂದು 315ರಲ್ಲಿ ಸಮರ್ಪಿಸಿದ ಕಮಾನಿಗೆ ಹಳೆಯ ಸ್ಮಾರಕಗಳಿಂದ ಶಿಲ್ಪಗಳನ್ನು ಕಿತ್ತು ತಂದರು. ಕಮಾನಿನ ಮೇಲೆ ನಿಂತಿರುವ 8 ಬಂದಿಗಳ ಪ್ರತಿಮೆಗಳು ಟ್ರಾಜನ್ ಕಾಲದ ಡೇಸಿಯನ್ನರವು. ಆಗಲೇ ಹೇಳಿದ, ಟ್ರಾಜನ್ ಕುದುರೆಯೇರಿ ನುಗ್ಗುವ ದೊಡ್ಡ ಪಟ್ಟಿಕೆಯನ್ನು ನಾಲ್ಕು ತುಂಡು ಮಾಡಿ, ಎರಡನ್ನು ನಡುವಣ ದಾರಿಯ ಎರಡು ಒಳಗೋಡೆಗಳಿಗೆ ಕೂರಿಸಿದರು. ಚಕ್ರವರ್ತಿಯ ಮೈ, ಕುದುರೆ, ಹಾರುವ ಮೇಲಂಗಿ, ಗೊರಸಿನಡಿಯ ಡೇಸಿಯನ್ನರು ಎಲ್ಲ ಇದ್ದಂತೆಯೇ ಇವೆ, ಮುಖವನ್ನು ಮಾತ್ರ ಕಾನ್‌ಸ್ಟಂಟೈನನದಾಗಿ ಮರುಕೆತ್ತಿದ್ದಾರೆ. ಮೇಲೆ, ಒಂದು ಗೋಡೆಯಲ್ಲಿ ‘ನಗರದ ವಿಮೋಚಕನಿಗೆ’ ಎಂದೂ ಎದುರಿನ ಗೋಡೆಯಲ್ಲಿ ‘ಶಾಂತಿಯ ಸ್ಥಾಪಕನಿಗೆ’ ಎಂದೂ ದೊಡ್ಡ ಅಕ್ಷರಗಳಲ್ಲಿ ಬರೆದಿದೆ.